ಕೇಸ್ ಪೇಪರಿನಲ್ಲಿ ಏನು ಬರೆಯುತ್ತೀರಿ?

(ಅಂಕಲಗಿಯಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಯ ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತು)



ಇಂಥ ಊರುಗಳಲ್ಲಿ ಗಂಡನ ಹೊಡೆತ ತಿಂದ ಹೆಂಗಸು ಮೊದಲು ಹೋಗುವುದು ಪೊಲೀಸ್ ಠಾಣೆಗಲ್ಲ. ಮಹಿಳಾ ಸಂಘಟನೆಯವರಾದ ನಮ್ಮ ಬಳಿಗಂತೂ ಎಲ್ಲ ಕೈಮೀರಿದ ಮೇಲೆ ಬರುತ್ತಾಳೆ. ಅವಳು ಬರುವುದು ದವಾಖಾನೆಗೆ. ಅದೂ ತಲೆನೋವು, ಬಿಳಿಸೆರಗು, ನಿದ್ದೆಯಿಲ್ಲ ಎಂದು. ಬಸುರಿಯಾದರೆ ತಪಾಸಣೆಗೆ ಬರಲೇಬೇಕು. ಆಗ ಮೈಮೇಲಿನ ಬಾಸುಂಡೆ ಮೊದಲು ಕಾಣುವುದು ನಿಮಗೆ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತ ಹತ್ತು ಮಂದಿಯಲ್ಲಿ ನಾಲ್ವರು ಎಂದಾಯಿತು. ಬಿಳಿ ಸಮವಸ್ತ್ರದೊಳಗೂ ಅಂಥವರು ಇಲ್ಲದಿಲ್ಲ.

ಸೂಜಿ ಚುಚ್ಚುವುದನ್ನು ನಿಮಗೆ ಎಷ್ಟೋ ಸಲ ಮಾಡಿಸಿ ಕಲಿಸುತ್ತಾರೆ. "ಮನ್ಯಾಗ ಯಾರರ ಹೊಡಿತಾರೇನವ್ವಾ?" ಎಂದು ಕೇಳುವುದನ್ನೂ ಹಾಗೆಯೇ ಮಾಡಿಸಿ ಕಲಿಸಬೇಕು. ಪಕ್ಕದಲ್ಲಿ ಅತ್ತೆ ನಿಂತಿರುವಾಗ ಕೇಳಿದರೆ ಉತ್ತರ ಬರುವುದಿಲ್ಲ, ಮನೆಗೆ ಹೋದ ಮೇಲೆ ಇನ್ನೊಂದು ಪೆಟ್ಟು ಬೀಳುತ್ತದೆ. "ಹೊಟ್ಟಿ ನೋಡಬೇಕ್ರಿ, ನೀವು ತುಸು ಹೊರಗ ಕೂಡ್ರಿ" ಎಂದು ಅತ್ತೆಯನ್ನು ಕಳಿಸಿ ಕೇಳಿ. "ಯಾಕ ಹೊಡದ?" ಎನ್ನಬೇಡಿ, ನೀನೇನು ತಪ್ಪು ಮಾಡಿದಿ ಎಂದು ಕೇಳಿದಂತೆ ಅವಳಿಗೆ ಕೇಳಿಸುತ್ತದೆ. ಕೂಸು ಹುಟ್ಟಿದರೆ ಸರಿಹೋಗುತ್ತಾನೆಂಬ ಬುದ್ಧಿಮಾತೂ ಬೇಡ, ಅದನ್ನು ಹೇಳಲು ಊರ ತುಂಬ ಜನ ಇದ್ದಾರೆ.

ಇನ್ನು ಬರೆಯುವ ಮಾತು. ಕರೆತಂದವರು ಹೇಳಿದ "ಜಾರಿ ಬಿದ್ದಳು" ಎಂಬುದು ಹಾಗೆಯೇ ಕೇಸ್ ಪೇಪರಿಗೆ ಇಳಿಯುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಹೆಂಗಸರ ಅಸಹಜ ಸಾವುಗಳ ಬೆನ್ನುಹತ್ತಿ ಹೋದಾಗ "ಸ್ಟವ್ ಸಿಡಿಯಿತು", "ಅಡುಗೆಮನೆಯ ಆಕಸ್ಮಿಕ" ಎಂದು ಮುಚ್ಚಿಹೋದ ಪ್ರಕರಣಗಳು ಸಾಲುಸಾಲಾಗಿ ಸಿಕ್ಕವು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ: "ಗಂಡ ಕಟ್ಟಿಗೆಯಿಂದ ಹೊಡೆದನೆನ್ನುತ್ತಾಳೆ." ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ ಎಂಬುದನ್ನೂ ಸೇರಿಸಿ. ಆದರೆ ತಾಯಿ ಕಾರ್ಡಿನಲ್ಲಿ ಒಂದಕ್ಷರವೂ ಬೇಡ. ಅದು ಅವಳೊಂದಿಗೆ ಮನೆಗೆ ಹೋಗಿ ಗಂಡನ ಕೈಸೇರುತ್ತದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಮೊದಲು ದೂರು ತಾ ಎಂದು ಹೇಳಿ ಯಾವ ದವಾಖಾನೆಯೂ ಅವಳಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಇನ್ನೂ ಆಗಿಲ್ಲದಿದ್ದರೆ ದವಾಖಾನೆಯ ಮುಖ್ಯಸ್ಥರೇ ನಮೂನೆ 1 ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಪುಕ್ಕಟೆ ಸಿಗಬೇಕು. ಡಾಕ್ಟರಿಗೆ ಇದು ನೆನಪಿಲ್ಲದಿದ್ದರೆ ನೀವು ನೆನಪಿಸಿ. 181 ಸಹಾಯವಾಣಿಯ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಡಿ. ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನಿಸುವವಳು ಅವಳೇ.

ಇದೆಲ್ಲ ಆಗದ ಮಾತೇನಲ್ಲ. ಮುಂಬಯಿಯ ಬಾಂದ್ರಾದಲ್ಲಿರುವ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ 'ದಿಲಾಸಾ' ಶುರುವಾಯಿತು. ಅದು ನಗರಪಾಲಿಕೆಯ ಆಸ್ಪತ್ರೆ; ಅಲ್ಲಿನ ಸಿಬ್ಬಂದಿಗೇ ತರಬೇತಿ ಕೊಟ್ಟರು.

ಈಗ ಇಬ್ಬಿಬ್ಬರಾಗಿ ಕೂಡಿರಿ. ಒಬ್ಬಳು ಸಿಸ್ಟರ್, ಒಬ್ಬಳು ಬಸುರಿ. ಹೊರಗೆ ಹೋಗಲು ಒಪ್ಪದ ಅತ್ತೆ ನಾನಾಗುತ್ತೇನೆ.