ಆಟಿಲಿ ಪ್ಯಾಟರ್ಸನ್: ಐರ್ಲೆಂಡಿನ ಬ್ಲೂಸ್ ದನಿ

ಆಫ್ರಿಕಾ ಮೂಲದ ಕಪ್ಪುಜನರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ದುಡಿಮೆಯ, ನೋವಿನ ನಡುವೆ ಕಟ್ಟಿ ಬೆಳೆಸಿದ ಹಾಡುಗಾರಿಕೆಗೆ ಬ್ಲೂಸ್ ಎಂದು ಹೆಸರು. ಅದರ ರೂಢಿಯ ಬಂಧದಲ್ಲಿ ಮೊದಲ ಸಾಲನ್ನು ಎರಡು ಬಾರಿ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಕ್ರಮ. ಗಾಂಧಾರ, ನಿಷಾದಗಳಿಗೆ ಸಮನಾದ ಸ್ವರಗಳನ್ನು ತುಸು ಇಳಿಸಿ ಎಳೆಯುವುದರಿಂದ ಅದಕ್ಕೆ ವಿಶಿಷ್ಟವಾದ ಆರ್ತತೆ ಬರುತ್ತದೆ. ಈ ಗಾಯನವನ್ನು 1950ರ ದಶಕದ ಬ್ರಿಟನ್ನಿನಲ್ಲಿ ಆಟಿಲಿ ಪ್ಯಾಟರ್ಸನ್ ಅವರಷ್ಟು ಒಳಹೊಕ್ಕು ಹಾಡಿದವರು ವಿರಳ.

ಉತ್ತರ ಐರ್ಲೆಂಡಿನ ಕಂಬರ್ ಎಂಬ ಊರಿನಲ್ಲಿ 1932ರ ಜನವರಿ 31ರಂದು ಆಟಿಲಿ ಜನಿಸಿದರು. ತಂದೆ ಆ ನಾಡಿನವರೇ, ತಾಯಿ ಲಾಟ್ವಿಯಾದವರು. ಹನ್ನೊಂದನೆಯ ವಯಸ್ಸಿನಿಂದ ಶಾಸ್ತ್ರೀಯ ಪಿಯಾನೊ ಕಲಿತ ಅವರಿಗೆ ಗಾಯನದಲ್ಲಿ ಮಾತ್ರ ಗುರುಮುಖದ ಪಾಠವೇ ಇರಲಿಲ್ಲ. 1949ರಲ್ಲಿ ಚಿತ್ರಕಲೆಯ ಅಭ್ಯಾಸಕ್ಕೆಂದು ಬೆಲ್‌ಫಾಸ್ಟ್‌ಗೆ ಹೋದಾಗ ಸಹಪಾಠಿಯೊಬ್ಬರಿಂದ ಅಮೆರಿಕದ ಗಾಯಕಿ ಬೆಸ್ಸಿ ಸ್ಮಿತ್ ಅವರ ಧ್ವನಿಮುದ್ರಿಕೆಗಳ ಪರಿಚಯವಾಯಿತು, ಆ ತಟ್ಟೆಗಳೇ ಅವರಿಗೆ ಗುರುವಾದವು. ಕಡಲಾಚೆಯ ಒಂದು ಜನಾಂಗದ ಉಸಿರಾಟವನ್ನೂ ಉಚ್ಚಾರಣೆಯನ್ನೂ ಬರಿಯ ಕಿವಿಯಿಂದ ಗ್ರಹಿಸಿ ತನ್ನದಾಗಿಸಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ.

1954ರ ಬೇಸಗೆಯಲ್ಲಿ ಲಂಡನ್ನಿಗೆ ಬಂದಾಗ, ಟ್ರಾಂಬೋನ್ ಎಂಬ ಉದ್ದ ಕೊಳವೆಯ ಹಿತ್ತಾಳೆ ವಾದ್ಯವನ್ನು ನುಡಿಸುತ್ತಿದ್ದ ಕ್ರಿಸ್ ಬಾರ್ಬರ್ ಅವರ ಜ್ಯಾಸ್ ವಾದ್ಯವೃಂದದ ಸಂಪರ್ಕ ದೊರೆಯಿತು. ವರ್ಷಾಂತ್ಯಕ್ಕೆ ಆಟಿಲಿ ಅದರ ಗಾಯಕಿಯಾದರು. 1955ರ ಜನವರಿ 9ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹಾಡಿದ ಮೇಲೆ ಏಳೆಂಟು ವರ್ಷ ಊರಿಂದೂರಿಗೆ ಬಿಡುವಿಲ್ಲದ ತಿರುಗಾಟ ನಡೆಯಿತು. 1957ರಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್, 1958ರಲ್ಲಿ ಮಡ್ಡಿ ವಾಟರ್ಸ್ ಮೊದಲಾದ ಅಮೆರಿಕದ ಕಲಾವಿದರನ್ನು ಬಾರ್ಬರ್ ಬ್ರಿಟನ್ನಿಗೆ ಕರೆಸಿದಾಗ, ಆ ಪರಂಪರೆಯ ವಾರಸುದಾರರೊಡನೆಯೇ ವೇದಿಕೆ ಹಂಚಿಕೊಳ್ಳುವ ಅವಕಾಶ ಅವರಿಗೆ ಒದಗಿತು. 1959ರಲ್ಲಿ ಅವರು ಬಾರ್ಬರ್ ಅವರನ್ನು ಮದುವೆಯಾದರು; ಆದರೆ ಅವರನ್ನು ವೃಂದದ ನಾಯಕನ ಪತ್ನಿಯೆಂದಷ್ಟೇ ಗುರುತಿಸುವುದು ಅನ್ಯಾಯ, ಏಕೆಂದರೆ ಮದುವೆಗೆ ನಾಲ್ಕು ವರ್ಷ ಮೊದಲೇ ಅವರ ಹೆಸರಿನಲ್ಲಿ ಧ್ವನಿಮುದ್ರಿಕೆಗಳು ಹೊರಬಂದಿದ್ದವು.

1960ರ ದಶಕದ ಆರಂಭದಲ್ಲಿ ಗಂಟಲಿನ ತೊಂದರೆ ಕಾಡತೊಡಗಿತು. ಕಛೇರಿಗಳು ವಿರಳವಾದ ಆ ದಿನಗಳಲ್ಲಿಯೂ ಅವರು ಕೈಚೆಲ್ಲಲಿಲ್ಲ. ಶೇಕ್ಸ್‌ಪಿಯರನ ಪದ್ಯಗಳನ್ನು ಸಂಗೀತಕ್ಕೆ ಅಳವಡಿಸಿ ಹಾಡಿದರು, 1969ರಲ್ಲಿ ಸ್ವತಂತ್ರ ಸಂಪುಟವೊಂದನ್ನು ಹೊರತಂದರು. 1973ರಲ್ಲಿ ವೃಂದವನ್ನು ಅಧಿಕೃತವಾಗಿ ತೊರೆದ ಅವರು, 1983ರಲ್ಲಿ ಬಾರ್ಬರ್ ಅವರೊಡನೆ ಮತ್ತೆ ಕೆಲವು ಕಛೇರಿಗಳಲ್ಲಿ ಹಾಡಿದರು. 2011ರ ಜೂನ್ 20ರಂದು ಸ್ಕಾಟ್‌ಲೆಂಡಿನ ಏರ್‌ನಲ್ಲಿ ನಿಧನರಾದರು. ಮರುವರ್ಷ ಕಂಬರ್‌ನಲ್ಲಿ ಅವರು ಹುಟ್ಟಿದ ಮನೆಯ ಗೋಡೆಗೆ ಸ್ಮಾರಕ ಫಲಕವನ್ನು ಹಾಕಲಾಯಿತು.