ಪರಿಶೋಧಕನು ಬರುವ ಮುನ್ನ
(ಬಾನುಲಿ ಭಾಷಣ)

ಮಂಡ್ಯ ಸೀಮೆ ಎಂದೊಡನೆ ನೆನಪಿಗೆ ಬರುವುದು ಕಬ್ಬು. ಕಬ್ಬಿನ ಹಿಂದೆಯೇ ಆಲೆಮನೆಯ ಹೊಗೆ, ಕುದಿಯುವ ಹಾಲಿನ ಕಂಪು. ಮಾರುಕಟ್ಟೆಯಲ್ಲಿ ಅಚ್ಚು, ಕುರಿಕಾಟು, ಬಕೆಟ್ ಎಂದು ನಾನಾ ರೂಪಗಳಲ್ಲಿ ಬೆಲ್ಲ ಬಂದು ಕೂರುತ್ತದೆ. ಕೊಳ್ಳುವವನು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬೆಲೆ ಹೇಳುತ್ತಾನೆ. ಆದರೆ ದೂರದ ಊರಿನಲ್ಲೋ ಪರದೇಶದಲ್ಲೋ ಇರುವ ಗ್ರಾಹಕನು ಹೀಗೆ ರುಚಿ ನೋಡಲಾರ. ಅವನು ಕೇಳುವುದು ಒಂದು ಕಾಗದವನ್ನು: ಗುಣಮಟ್ಟ ನಿರ್ವಹಣೆಯ ಪ್ರಮಾಣಪತ್ರವನ್ನು. ಬಸರಾಳಿನ ಕಡೆಯ ಆಲೆಮನೆಯೊಂದು ಅಂಥ ಪ್ರಮಾಣಪತ್ರವನ್ನು ಬಯಸಿತೆಂದು ಭಾವಿಸೋಣ. ಅದು ಹೇಗೆ ಸಿದ್ಧವಾಗಬೇಕು?

ಮೊದಲು ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. 1987ರಲ್ಲಿ ಮೊದಲಬಾರಿಗೆ ಪ್ರಕಟವಾಗಿ, 2015ರವರೆಗೆ ನಾಲ್ಕು ಸಲ ಪರಿಷ್ಕೃತವಾದ ಐಎಸ್‌ಒ 9001 ಎಂಬ ಮಾನಕದಲ್ಲಿ ಬೆಲ್ಲದ ಸುದ್ದಿಯೇ ಇಲ್ಲ. ಅದು ಸಿಹಿಯನ್ನು ಅಳೆಯುವುದಿಲ್ಲ. ಬೆಲ್ಲದಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ನೋಡಿಕೊಳ್ಳಲು 2006ರ ಆಹಾರ ಸುರಕ್ಷತಾ ಕಾಯಿದೆಯಿದೆ. ಮಾನಕವು ಕೇಳುವುದು ಬೇರೆ ಪ್ರಶ್ನೆಯನ್ನು: “ಇಂದಿನಂತೆಯೇ ನಾಳೆಯೂ ಒಳ್ಳೆಯ ಸರಕನ್ನು ಕೊಡುವೆನೆಂದು ಯಾವ ಧೈರ್ಯದಿಂದ ಹೇಳುತ್ತೀರಿ?” ಇನ್ನೊಂದು ಮಾತು. ಪ್ರಮಾಣಪತ್ರವನ್ನು ಕೊಡುವುದು ಮಾನಕವನ್ನು ರೂಪಿಸಿದ ಜಿನೀವಾದ ಸಂಸ್ಥೆಯಲ್ಲ. ಅದಕ್ಕೆಂದೇ ಇರುವ ಬೇರೆ ಸಂಸ್ಥೆಗಳು. ಅವುಗಳಿಗೆ ಸರಿಯಾದ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳುವುದೂ ಸಿದ್ಧತೆಯ ಒಂದು ಭಾಗವೇ.

ಆಲೆಮನೆಯ ಜೀವಾಳ ಪಾಕ. ಗಾಣದಿಂದ ಬಂದ ಹಾಲನ್ನು ಸೋಸಿ, ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣದ ತಿಳಿಯನ್ನೋ ಬೆಂಡೆಯ ಲೋಳೆಯನ್ನೋ ಹಾಕಿ ಕಲ್ಮಶ ತೆಗೆದು, ಪಾಕ ಹದಕ್ಕೆ ಬಂದಾಗ ಇಳಿಸಬೇಕು. ಆ ಹದವನ್ನು ಬಲ್ಲವನು ಒಬ್ಬ ಅನುಭವಿ. ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆಕಟ್ಟುವ ಬಗೆಯನ್ನು ಬೆರಳಿನಿಂದಲೇ ಅರಿಯುತ್ತಾನೆ. ಅವನು ಮಗಳ ಮದುವೆಗೆಂದು ವಾರ ಕಾಲ ಊರಿಗೆ ಹೋದರೆ? ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದನೆಂದು ಶಾಸನದಿಂದ ತಿಳಿಯುತ್ತೇವೆ. ಆದರೆ ಶಿಲ್ಪಿಯ ಉಳಿ ಹೇಗೆ ಆಡಿತೆಂಬ ವಿದ್ಯೆ ಅವನ ಕೈಯೊಡನೆಯೇ ಹೋಯಿತು. ಆಲೆಮನೆಯ ವಿದ್ಯೆಯೂ ಹಾಗಾಗಬಾರದು. ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಇಳಿಸಬೇಕೆಂದು ಬರೆದಿಡುವುದು, ಉಷ್ಣಮಾಪಕ ಸರಿಯಾಗಿದೆಯೇ ಎಂದು ಕಾಲಕಾಲಕ್ಕೆ ಪರೀಕ್ಷಿಸುವುದು, ಇನ್ನೊಬ್ಬನನ್ನು ಪಳಗಿಸುವುದು—ಇವು ಮೊದಲ ಮೆಟ್ಟಿಲು. ಬರೆಯುವಾಗ ಆ ಅನುಭವಿಯನ್ನೇ ಕೂರಿಸಿಕೊಂಡು ಬರೆಯಬೇಕು. ಪೇಟೆಯಿಂದ ಕೊಂಡುತಂದ ಸಿದ್ಧ ಕೈಪಿಡಿಯಲ್ಲಿ ನಮ್ಮ ಒಲೆಯ ಉರಿ ಇರುವುದಿಲ್ಲ.

ಎರಡನೆಯದು ಕಠಿನವಾದದ್ದು. ಹೊಳೆಯುವ ಹಳದಿ ಬಣ್ಣದ ಬೆಲ್ಲಕ್ಕೆ ಹೆಚ್ಚು ಬೆಲೆ. ಬಣ್ಣ ಬರಿಸಲು ಹೈಡ್ರೋಸ್ ಎಂಬ ರಾಸಾಯನಿಕ ಸುಲಭದ ದಾರಿ. “ನಾವು ಶುದ್ಧ ಬೆಲ್ಲವನ್ನೇ ಮಾಡುತ್ತೇವೆ” ಎಂದು ಗೋಡೆಗೆ ಬರೆಸಿ, ಮೂಲೆಯಲ್ಲಿ ಆ ಪುಡಿಯ ಡಬ್ಬಿ ಇಟ್ಟರೆ, ಆ ಡಬ್ಬಿಯೇ ಗೋಡೆಯ ಬರಹಕ್ಕೆ ಉತ್ತರ ಹೇಳುತ್ತದೆ. ಕಂದು ಬಣ್ಣದ ಬೆಲ್ಲಕ್ಕೆ ಮೊದಮೊದಲು ಬೆಲೆ ಇಳಿದರೂ ಸಹಿಸುವೆನೆ ಎಂಬ ನಿರ್ಧಾರ ಯಜಮಾನನದು. ಅದನ್ನು ಯಾವ ಸಲಹೆಗಾರನೂ ಅವನ ಪರವಾಗಿ ಮಾಡಲಾರ.

ಮೂರನೆಯದು ದಾಖಲೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ, ಪರಿಶೋಧನೆಯ ಹಿಂದಿನ ರಾತ್ರಿ ಕುಳಿತು ವರ್ಷದ ರಿಜಿಸ್ಟರನ್ನೆಲ್ಲ ಒಂದೇ ಮಸಿಯಲ್ಲಿ ತುಂಬುವವರುಂಟು. ಪರಿಶೋಧಕನು ಕಾಗದವನ್ನಷ್ಟೇ ಓದುವುದಿಲ್ಲ. ಒಂದು ಅಚ್ಚನ್ನು ಕೈಗೆತ್ತಿಕೊಂಡು, ಇದು ಯಾವ ದಿನದ್ದು, ಯಾವ ಕೊಪ್ಪರಿಗೆಯದು, ಕಬ್ಬು ಯಾರ ಗದ್ದೆಯದು ಎಂದು ಹಿಂದಹಿಂದಕ್ಕೆ ನಡೆಯುತ್ತಾನೆ. ವರ್ಷವಿಡೀ ಒಂದು ತಪ್ಪೂ ಇಲ್ಲದ ಪುಸ್ತಕವನ್ನು ಕಂಡರೆ ಅವನಿಗೆ ಅನುಮಾನವೇ ಹುಟ್ಟುತ್ತದೆ. “ಎರಡನೆಯ ಕೊಪ್ಪರಿಗೆಯ ಪಾಕ ಸೀದಿತು, ಹೊಸ ಹುಡುಗ ಉರಿ ಹೆಚ್ಚಿಸಿದ್ದ, ಆ ಬೆಲ್ಲವನ್ನು ಬೇರೆಯಿರಿಸಿದೆವು, ಹುಡುಗನಿಗೆ ಮತ್ತೊಮ್ಮೆ ತೋರಿಸಿಕೊಟ್ಟೆವು” ಎಂಬ ನಾಲ್ಕು ಸಾಲು ನೂರು ನಿಷ್ಕಳಂಕ ಪುಟಗಳಿಗಿಂತ ಮೇಲು. ಮಾನಕವು ಬಯಸುವುದು ತಪ್ಪಿಲ್ಲದ ಮನುಷ್ಯರನ್ನಲ್ಲ. ತಪ್ಪಿನ ಕಾರಣವನ್ನು ಹುಡುಕಿ, ಅದು ಮರುಕಳಿಸದಂತೆ ನೋಡಿಕೊಳ್ಳುವವರನ್ನು.

ಹೊರಗಿನವರು ಬರುವ ಮುನ್ನ ಒಳಗಿನ ಪರಿಶೋಧನೆ ನಡೆಯಲೇಬೇಕು. ಒಲೆಯ ಕೆಲಸದವನು ತನ್ನ ಒಲೆಯನ್ನು ತಾನೇ ಪರೀಕ್ಷಿಸುವುದು ಸಲ್ಲದು. ಗಾಣದವನು ಒಲೆಯನ್ನು ನೋಡಲಿ, ಲೆಕ್ಕದವನು ಗಾಣವನ್ನು ನೋಡಲಿ. ಕಂಡದ್ದನ್ನು ಯಜಮಾನನು ಕೂತು ಕೇಳಬೇಕು, ಕೇಳಿ ಸಿಡುಕಬಾರದು. ತಪ್ಪು ಹೇಳಿದವನಿಗೆ ಬೈಗುಳ ಬಿದ್ದರೆ, ಮುಂದಿನ ಸಲ ಎಲ್ಲವೂ ಸರಿಯಾಗಿಯೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ. ಕೆಲಸಗಾರರಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೂ ಇಲ್ಲ. ದಿನವೂ ಮಾಡುವುದನ್ನು ಹೇಳಲು ಯಾರಿಗೂ ಪಾಠ ಬೇಡ.

ಪರಿಶೋಧನೆಯು ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲು ದಾಖಲೆಗಳ ಮತ್ತು ಸಿದ್ಧತೆಯ ಪರಿಶೀಲನೆ, ಆಮೇಲೆ ಕೆಲಸದ ನೆಲೆಯಲ್ಲಿ ಆಚರಣೆಯ ಪರಿಶೀಲನೆ. ದೊರೆತ ಪತ್ರದ ಆಯುಸ್ಸು ಮೂರು ವರ್ಷ. ನಡುವೆ ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ಆದ್ದರಿಂದ ಒಂದು ದಿನದ ಅಲಂಕಾರ ಹೆಚ್ಚು ಕಾಲ ಬಾಳದು.

ಪ್ರಮಾಣಪತ್ರದ ಖರ್ಚನ್ನು ಭರಿಸುವುದು ಎಲ್ಲ ಆಲೆಮನೆಗಳಿಗೂ ಸಾಧ್ಯವಿಲ್ಲ, ಎಲ್ಲಕ್ಕೂ ಅದು ಬೇಕಾಗಿಯೂ ಇಲ್ಲ. ಆದರೆ ಕೊಪ್ಪರಿಗೆಯ ಪಕ್ಕದಲ್ಲಿ ಒಂದು ನೋಟುಪುಸ್ತಕ, ಅದರಲ್ಲಿ ಆಯಾ ದಿನವೇ ಬರೆದ ನಿಜ, ಇಷ್ಟಕ್ಕೆ ಯಾರ ಅನುಮತಿಯೂ ಬೇಡ. ಪತ್ರ ಬರಲಿ, ಬಾರದಿರಲಿ, ಈ ಕೆಲಸವನ್ನು ನಾಳೆಯ ಮೊದಲ ಕೊಪ್ಪರಿಗೆಯಿಂದಲೇ ಆರಂಭಿಸಬಹುದು.