ಪುಟ್ಟ ಜೆಟ್ ವಿಮಾನದ ಲೆಕ್ಕಾಚಾರ



ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಅಚ್ಚು ಹಾಕಿಸಬೇಕಾಗಿದೆ ಎನ್ನೋಣ. ಅಕ್ಷರ ಜೋಡಣೆಗೆ 5,000 ರೂಪಾಯಿ. ಸಾವಿರ ಪ್ರತಿ ಅಚ್ಚಾದರೆ ಒಂದೊಂದು ಪ್ರತಿಯ ಮೇಲೆ ಬೀಳುವ ಜೋಡಣೆಯ ಖರ್ಚು 5 ರೂಪಾಯಿ. ನೂರೇ ಪ್ರತಿಯಾದರೆ 50 ರೂಪಾಯಿ. ಸಾವಿರ ಪ್ರತಿಗಳನ್ನು ನಂಬಿ ಬೆಲೆ ಸಾರಿ, ಮುಂಗಡವನ್ನೂ ಪಡೆದು, ಕೊನೆಗೆ ನೂರೇ ಪ್ರತಿ ಹೊರಬಂದರೆ ಗತಿಯೇನು? ಅಮೆರಿಕದ ಎಕ್ಲಿಪ್ಸ್ ಏವಿಯೇಷನ್ ಎಂಬ ಕಂಪನಿಗೆ ಹೆಚ್ಚು ಕಡಿಮೆ ಇದೇ ಗತಿ ಒದಗಿತು.

ಕಂಪ್ಯೂಟರ್ ಉದ್ಯಮದಿಂದ ಬಂದ ವರ್ನ್ ರಾಬರ್ನ್ 1998ರಲ್ಲಿ ಈ ಕಂಪನಿಯನ್ನು ಸ್ಥಾಪಿಸಿದರು. ಅದರ ಕಾರ್ಖಾನೆ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿತ್ತು. ಆರು ಜನ ಕೂರಬಹುದಾದ, ಎರಡು ಎಂಜಿನ್‌ಗಳ ಜೆಟ್ ವಿಮಾನವನ್ನು ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುತ್ತೇವೆ ಎಂಬುದು ಅವರ ಮಾತು. ಅಂದಿನ ಸಣ್ಣ ಜೆಟ್‌ಗಳ ಬೆಲೆ ಇದರ ಮೂರು ನಾಲ್ಕು ಪಟ್ಟು. ಈ ಅಗ್ಗದ ಗುಟ್ಟು ಇಷ್ಟೆ: ವರ್ಷಕ್ಕೆ ನೂರಾರು ವಿಮಾನಗಳನ್ನು ತಯಾರಿಸುವುದು.

ಅದಕ್ಕೆ ತಕ್ಕ ತಂತ್ರವೂ ಅವರಲ್ಲಿತ್ತು. ವಿಮಾನದ ಅಲ್ಯೂಮಿನಿಯಂ ತಗಡುಗಳನ್ನು ಸಾಮಾನ್ಯವಾಗಿ ಸಾವಿರಾರು ರಿವೆಟ್ ಹೊಡೆದು ಜೋಡಿಸುತ್ತಾರೆ. ಎಕ್ಲಿಪ್ಸ್‌ನವರು ಇದರ ಬಹುಪಾಲನ್ನು ಕೈಬಿಟ್ಟು, 1991ರಲ್ಲಿ ಬ್ರಿಟನ್ನಿನಲ್ಲಿ ಕಂಡುಹಿಡಿದ ಘರ್ಷಣೆಯ ಬೆಸುಗೆಯನ್ನು ಬಳಸಿದರು. ರಭಸದಿಂದ ತಿರುಗುವ ಒಂದು ಸಾಧನ ತಗಡುಗಳ ಅಂಚನ್ನು ಉಜ್ಜಿ ಬಿಸಿಮಾಡುತ್ತದೆ. ಲೋಹ ಕರಗದೆ, ಮೆದುವಾಗಿ, ಮುದ್ದೆಯಂತೆ ಕಲಸಿಕೊಂಡು ಒಂದಾಗುತ್ತದೆ. ಕೆಲಸ ಬೇಗ ಸಾಗುತ್ತದೆ, ಕೀಲೂ ಗಟ್ಟಿ.

ಹಾಗಾದರೆ ಎಡವಿದ್ದು ಎಲ್ಲಿ? ಮೊದಲ ಪೆಟ್ಟು ಎಂಜಿನ್ನಿನಿಂದ. ವಿಲಿಯಮ್ಸ್ ಕಂಪನಿಯ ಹೊಸ, ಹಗುರವಾದ ಎಂಜಿನ್ ಇಟ್ಟುಕೊಂಡು 2002ರ ಆಗಸ್ಟ್‌ನಲ್ಲಿ ವಿಮಾನ ಮೊದಲ ಬಾರಿಗೆ ಹಾರಿತು. ಆದರೆ ಆ ಎಂಜಿನ್ ಸಾಲದೆಂದು ಅದೇ ವರ್ಷ ಕೈಬಿಡಬೇಕಾಯಿತು. ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾ ಕಂಪನಿಯ ಹೆಚ್ಚು ಭಾರದ ಎಂಜಿನ್ ಬಂದಿತು. ಎಂಜಿನ್ ಬದಲಾದರೆ ತೂಕ, ಇಂಧನ, ರಚನೆ ಎಲ್ಲವೂ ಬದಲಾಗಬೇಕು. ಸರ್ಕಾರದ ಅನುಮೋದನೆ ದೊರೆತದ್ದು 2006ರ ಸೆಪ್ಟೆಂಬರ್‌ನಲ್ಲಿ. ಅಷ್ಟೂ ಕಾಲ ಸಂಬಳ, ಬಾಡಿಗೆ, ಬಡ್ಡಿ ನಿಲ್ಲಲಿಲ್ಲ.

ಎರಡನೆಯದು, ಅಪೂರ್ಣವಾಗಿಯೇ ಹೊರಬಿದ್ದ ವಿಮಾನಗಳು. ಮಂಜುಗಟ್ಟುವ ಹವೆಯಲ್ಲಿ ಹಾರಲು ಮೊದಲಲ್ಲಿ ಅವುಗಳಿಗೆ ಅನುಮತಿ ಇರಲಿಲ್ಲ. ದಾರಿ ತೋರುವ ವಿದ್ಯುನ್ಮಾನ ಸಲಕರಣೆಗಳನ್ನೂ ನಡುವೆ ಬದಲಿಸಲಾಯಿತು. ಈಗಾಗಲೇ ಮಾರಿದ ವಿಮಾನಗಳನ್ನು ಸರಿಪಡಿಸಿಕೊಡುವ ಭಾರವೂ ಕಂಪನಿಯ ತಲೆಗೇ ಬಂತು.

ಮೂರನೆಯದು ನಮ್ಮ ಸಂಚಿಕೆಯ ಲೆಕ್ಕ. 2007ರಲ್ಲಿ ಗ್ರಾಹಕರ ಕೈಸೇರಿದ್ದು ನೂರಕ್ಕೂ ಕಡಿಮೆ ವಿಮಾನ. ಸಂಖ್ಯೆ ಇಳಿದಾಗ ಒಂದೊಂದರ ಖರ್ಚು ಏರಿತು, ಮಾರಿದಷ್ಟೂ ನಷ್ಟವೇ. 2008ರಲ್ಲಿ ಬೆಲೆಯನ್ನು 21.5 ಲಕ್ಷ ಡಾಲರಿಗೆ ಏರಿಸಿದರು. ಆದರೆ ಹಳೆಯ ಬೆಲೆಗೆ ಒಪ್ಪಂದವಾಗಿದ್ದ ವಿಮಾನಗಳು ಸಾಲಾಗಿ ಕಾದಿದ್ದವು. ನೂರಾರು ವಿಮಾನ ಬೇಕೆಂದಿದ್ದ ಫ್ಲಾರಿಡಾದ ಡೇಜೆಟ್ ಎಂಬ ವಿಮಾನ ಟ್ಯಾಕ್ಸಿ ಸಂಸ್ಥೆ ಅದೇ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಜಗತ್ತಿನಾದ್ಯಂತ ಹಣದ ಮುಗ್ಗಟ್ಟು ಬೇರೆ. 2008ರ ನವೆಂಬರ್‌ನಲ್ಲಿ ಎಕ್ಲಿಪ್ಸ್ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ ತಯಾರಾಗಿದ್ದು ಸುಮಾರು 260 ವಿಮಾನ. ಕರಗಿಹೋದದ್ದು ನೂರು ಕೋಟಿ ಡಾಲರಿಗೂ ಹೆಚ್ಚು.

ಪೆಟ್ಟು ಬಿದ್ದದ್ದು ಬಂಡವಾಳಗಾರರಿಗೆ ಮಾತ್ರವಲ್ಲ. ವಿಮಾನ ಕೈಗೆ ಬರುವ ಮುನ್ನವೇ ಬೆಲೆಯ ಶೇಕಡ 60ರಷ್ಟನ್ನು ಕಟ್ಟಿದ ಗ್ರಾಹಕರು ವಿಮಾನವೂ ಇಲ್ಲದೆ, ಹಣವೂ ಇಲ್ಲದೆ ಉಳಿದರು. ಕಾರ್ಖಾನೆಯ ನೂರಾರು ಕೆಲಸಗಾರರು ಬೀದಿಗೆ ಬಿದ್ದರು. ಕಂಪನಿಯ ಆಸ್ತಿ 2009ರಲ್ಲಿ 4 ಕೋಟಿ ಡಾಲರಿಗೆ ಮಾರಾಟವಾಯಿತು. ಹೊಸ ಒಡೆಯರು ಸುಧಾರಿತ ವಿಮಾನವನ್ನೇನೋ ತಂದರು, ಕೆಲವನ್ನಷ್ಟೇ ಮಾಡಲಾಯಿತು. 2015ರಲ್ಲಿ ಆ ಕಂಪನಿ ಸೇರಿಕೊಂಡ ಒನ್ ಏವಿಯೇಷನ್ ಕೂಡ 2018ರಲ್ಲಿ ದಿವಾಳಿಯಾಯಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ವಿಮಾನ ಕೆಟ್ಟದ್ದಾಗಿರಲಿಲ್ಲ. ಕಂಪನಿ ಮುಳುಗಿದ ಮೇಲೂ ಅವುಗಳಲ್ಲಿ ಹಲವು ಹಾರುತ್ತಲೇ ಇದ್ದವು. ಒಂದು ವಿಮಾನವನ್ನು ಹಾರಿಸುವುದು ಒಂದು ವಿದ್ಯೆ. ಅಂಥದನ್ನೇ ದಿನವೂ, ಹೇಳಿದ ಬೆಲೆಗೆ, ಹೇಳಿದ ವೇಳೆಗೆ ತಯಾರಿಸುವುದು ಇನ್ನೊಂದು ವಿದ್ಯೆ. ನಾಳೆ ನಿಮ್ಮಲ್ಲಿ ಎಂಜಿನಿಯರುಗಳಾಗುವವರು ಮೊದಲನೆಯದನ್ನು ತರಗತಿಯಲ್ಲಿ ಕಲಿಯುವಿರಿ. ಎರಡನೆಯದನ್ನೂ ಕಲಿಯಿರಿ. ಮುಂಗಡ ಪಡೆದು ಕೊಟ್ಟ ಮಾತು ಕೂಡ ಒಂದು ಸಾಲವೇ.